ಗಾಜಿನ ಕೋಲೇ ಸಾಕ್, ಕಾರ್ಬನ್ ಬ್ಯಾಡ

ಹ್ವಾಯ್, ಕೇಣಿ. ಗಾಳದ ಕೋಲಿನ ಬಗ್ಗೆ ಹೆಂಗ್ಸೊಂದು ಬರೀತಾ ಕೂಕಂಡಿತ್ತ್ ಅಂದೇಳಿ ನಗಾಡುವವ್ರು ಇಲ್ಲೇ ಒಂದ್ಸಲ ನಗಾಡಿ ಮುಗಿಸ್ಕಣಿ. ಮುಂದೆ ನಗು ಬಪ್ಪ ವಿಷ್ಯ ಅಲ್ಲ. ದುಡ್ಡಿನ ವಿಷ್ಯ, ಜೀವದ ವಿಷ್ಯ.

ನಮ್ಮ ಹೊಳಿ ಬದಿ ಮನಿ ಮಾಣಿಗಳಿಗೆ ಎರಡು ಮೂರು ವರ್ಷದಿಂದ ಫ್ಲೈ ಫಿಶಿಂಗ್ ಹುಚ್ಚು ಹಿಡಿದಿತ್ತ್. ಬೆಂಗ್ಳೂರಲ್ಲಿ ಕಂಪ್ಯೂಟರ್ ಮುಂದೆ ಕೂಕಂಬ ಕೆಲ್ಸ, ರಜೆ ಸಿಕ್ತ್ ಅಂದ್ರೆ ರಾತ್ರಿ ಬಸ್ ಹತ್ತಿ ಬಂದು ಬೆಳಿಗ್ಗೆ ಹೊಳಿಗೆ ಇಳೀತ್ರ್. ಒಳ್ಳೇದೇ. ಕುಡಿತಕ್ಕೆ ಬಿದ್ದ ಮಕ್ಕಳನ್ನ ಕಂಡವ್ಳಿಗೆ ಹೊಳಿಗೆ ಬಿದ್ದ ಮಕ್ಕಳು ಎಷ್ಟೋ ವಾಸಿ. ಆದ್ರೆ ಕೋಲು ತಕಂಬ ಹೊತ್ತಿಗೆ ಮಾತು ಬಪ್ಪುದು ನಮ್ಮ ಹತ್ರ. "ಅಮ್ಮ, ಕಾರ್ಬನ್ ಕೋಲೇ ಬೇಕ್, ನಲವತ್ತು ಸಾವಿರ ಆತ್ತ್, ಅರ್ಧ ನೀ ಕೊಡ್." ನಮ್ಮ ಚೀಟಿ ದುಡ್ಡು, ಮಲ್ಲಿಗೆ ಮಾರಿದ ದುಡ್ಡು, ಸೊಸೈಟಿಯಲ್ಲಿ ಇಟ್ಟದ್ದು, ಎಲ್ಲ ಆಗ ನೆನಪಾತ್ತ್ ಅವ್ರಿಗೆ. ದುಡ್ಡು ಕೊಡುವವ್ಳು ಎಂತ ತಕಂಬುದು ಅಂದೇಳಿ ಕೇಂಡ್ರೆ ಮಾತ್ರ "ನಿಂಗೆ ಗೊತ್ತಾತಿಲ್ಲ ಬಿಡ್" ಅಂಬ್ರು. ಎಂತಕ್ಕೆ ಗೊತ್ತಾತಿಲ್ಲ? ನಾನು ಪಿಯುಸಿಯಲ್ಲಿ ಸಯನ್ಸ್ ಓದಿದವ್ಳು. ಓದದಿದ್ರೂ ದೋಟಿ ಹಿಡಿದ ಕೈಗೆ ಕೋಲು ಗೊತ್ತಾತ್ತ್.

ನಾನು ಹೇಳುದು ಇಷ್ಟೇ. ನಮ್ಮ ಹೊಳಿಗೆ, ನಮ್ಮ ಸೆಕಿಗೆ, ನಮ್ಮ ಕಾಂಡ್ಲದ ಬುಡದಲ್ಲಿ ಬಾಯಿ ಕಳೆದು ಕಾದಿಪ್ಪ ಮೀನಿಗೆ ಫೈಬರ್ ಗ್ಲಾಸ್ ಕೋಲೇ ಸರಿ. ಕಾರ್ಬನ್ ಕೋಲು ಅಂಗಡಿಯವ್ನಿಗೆ ಸರಿ.

ಫ್ಲೈ ಫಿಶಿಂಗ್ ಅಂದ್ರೆ ಎಂತ ಅಂತ ಗೊತ್ತಿಲ್ದವ್ರಿಗೆ ಸ್ವಲ್ಪ ಬಿಡಿಸಿ ಹೇಳ್ತೆ. ನಮ್ಮ ಅಪ್ಪಯ್ಯನ ಗಾಳಕ್ಕೆ ಚಟ್ಲಿಯೋ ಎರೆಹುಳವೋ ಕುತ್ತಿ, ಸೀಸದ ಗುಂಡು ಕಟ್ಟಿ ಬೀಸುದಿದ್ದಿತ್ತ್. ಸೀಸದ ತೂಕ ದಾರವನ್ನ ಎಳ್ಕಂಡ್ ಹೋತ್ತ್. ಫ್ಲೈ ಹಾಂಗಲ್ಲ. ಗಾಳಕ್ಕೆ ಹುಂಜದ ಪುಕ್ಕ, ಬಣ್ಣದ ನಾರು, ಮಿಣಮಿಣ ಎಳೆ ಎಲ್ಲ ಕಟ್ಟಿ ಸಣ್ಣ ಮೀನಿನ ವೇಷ ಹಾಕಿರ್ತ್ರ್. ಅದಕ್ಕೆ ತೂಕ ಅಂಬುದೇ ಕಮ್ಮಿ, ಎಸೆದ್ರೆ ಕೋಳಿ ಪುಕ್ಕದ ಹಾಂಗೆ ಕಾಲ ಬುಡಕ್ಕೇ ಬೀಳತ್ತ್. ಹಾಂಗಾಗಿ ತೂಕ ಇಪ್ಪುದು ದಾರದಲ್ಲಿ. ದಾರವೇ ದಪ್ಪ, ಪ್ಲಾಸ್ಟಿಕ್ ಲೇಪ ಹಾಕಿದ್ದು. ಕೋಲನ್ನ ಹಿಂದೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಂಬ ತನಕ ತಡೆದು, ಮತ್ತೆ ಮುಂದೆ ಬೀಸ್ಕ್. ಕೋಲು ಬಿಲ್ಲಿನ ಹಾಂಗೆ ಬಗ್ಗಿ ಮತ್ತೆ ನೆಟ್ಟಗಾಪ್ಪ ರಭಸಕ್ಕೆ ದಾರ ಹಾರಿ ಹೋತ್ತ್, ಪುಕ್ಕ ಅದ್ರ ಬೆನ್ನಿಗೆ ಹೋತ್ತ್. ಅಂದ್ರೆ ಈ ಕೆಲ್ಸದಲ್ಲಿ ಕೋಲು ಬಗ್ಗುದೇ ಕೆಲ್ಸ. ಇದೊಂದು ಮಾತು ಸೆರಗಿಗೆ ಗಂಟು ಹಾಕಿ ಇಟ್ಕಣಿ. ಅಂಗಡಿಯವ್ನು "ಮೇಡಂ, ನಮ್ಮ ಕೋಲು ಎಷ್ಟು ಗಟ್ಟಿ ಕಾಣಿ, ಬಗ್ಗುದೇ ಇಲ್ಲ" ಅಂದ್ರೆ ಉತ್ತರ ಕೊಡುಕೆ ಬೇಕಾತ್ತ್.

ಇನ್ನು ಮೀನು. ಐದು ಹೊಳಿ ಸೇರಿ ಗಂಗೊಳ್ಳಿ ಅಳಿವೆಯಲ್ಲಿ ಸಮುದ್ರಕ್ಕೆ ಬೀಳುವ ಊರು ನಮ್ಮದು. ಉಪ್ಪುನೀರು ಸಿಹಿನೀರು ಬೆರೆತ ಬೆಚ್ಚನೆ ಹಿನ್ನೀರು, ದಡದಲ್ಲಿ ಕಾಂಡ್ಲ. ಇಲ್ಲಿ ಬೇಟಿ ಮಾಡಿ ತಿಂಬ ಮೀನಿನಲ್ಲಿ ಮಾಣಿಗಳಿಗೆ ಆಸೆ ಇಪ್ಪುದು ಎರಡರ ಮೇಲೆ. ಒಂದು ಕೆಂಬೇರಿ. ಇನ್ನೊಂದು, ಈಗ ಹೊಳಿಯಲ್ಲಿ ಪಂಜರ ಇಳಿಸಿ ಸಾಕ್ತ್ರಲ್ದಾ, ಆ ಸೀಬಾಸ್. ಆಸ್ಟ್ರೇಲಿಯಾದವ್ರು ಬಾರಮಂಡಿ ಅಂತ ಕೊಂಡಾಡುದೂ ಇದೇ ಮೀನನ್ನ. ಎರಡೂ ದೂರ ಓಡಿ ಅಟ್ಟಿಸಿ ಹಿಡಿವ ಜಾತಿ ಅಲ್ಲ, ಅಡಗಿ ಕೂತು ಹಿಡಿವ ಜಾತಿ. ಕಾಂಡ್ಲದ ಬೇರಿನ ನೆರಳು, ಸಂಕದ ಕಂಬದ ಬುಡ, ಇಳಿತದ ಹೊತ್ತಿಗೆ ತೋಡಿನ ನೀರು ಹೊಳಿಗೆ ಬೀಳುವ ಬಾಯಿ, ಇಂಥಲ್ಲಿ ಅಲ್ಲಾಡದೆ ಕಾದು ಕೂತ್ಕಂಡಿರತ್ತ್. ಸಣ್ಣ ಮೀನು ಎದುರಿಗೆ ಬಂತೋ, ಬಾಯಿ ಕಳೆದು ನೀರಿನ ಸಮೇತ ಒಳಗೆ ಎಳ್ಕಂಬುದು. ಘಟ್ಟದ ಮೇಲಿನ ಕೆರೆಗಳ ಕೊರವ ಮೀನಿನ ಬುದ್ಧಿಯೂ ಹೆಚ್ಚು ಕಮ್ಮಿ ಇದೇ.

ಸೀಬಾಸಿನದ್ದು ಒಂದು ತಮಾಷೆ ಹೇಳ್ಕ್. ಅದು ಮೊದ್ಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾತ್ತ್. ಮಾಣಿಗಳು ಫೋಟೋದಲ್ಲಿ ಎತ್ತಿ ಹಿಡಿವ ದೊಡ್ಡ ದೊಡ್ಡ ಮೀನೆಲ್ಲ ಹೆಚ್ಚಾಗಿ ಹೆಣ್ಣೇ. ನಮ್ಮ ಮನಿಯಲ್ಲಿ ನಾನು ಹೇಳಿ ಇಟ್ಟಿದ್ದೆ, ಸಾರಿಗೆ ಒಂದು ಹದದ್ದು ತಕಂಡ್ ಬನಿ, ದೊಡ್ಡದನ್ನ ವಾಪಸ್ ನೀರಿಗೆ ಬಿಡಿ, ಅದ್ರ ಹೊಟ್ಟೆಯಲ್ಲಿ ನಾಳಿನ ಹೊಳಿ ಇತ್ತ್. ದೊಡ್ಡದ್ರ ಮಾಂಸಕ್ಕೆ ರುಚಿಯೂ ಅಷ್ಟಕ್ಕಷ್ಟೇ, ನನ್ನ ನಾಲಿಗೆಗೆ.

ಈಗ ಲೆಕ್ಕ ಹಾಕಿ ಕಾಣಿ. ದೋಣಿಯಲ್ಲಿ ಕೂತವ್ನಿಂದ ಕಾಂಡ್ಲದ ಬೇರಿಗೆ ಎಷ್ಟು ದೂರ? ಮೂವತ್ತು ಅಡಿ, ಹೆಚ್ಚಂದ್ರೆ ನಲವತ್ತು. ನಮ್ಮ ಅಂಗ್ಳದ ತುಳಸಿ ಕಟ್ಟೆಯಿಂದ ಬಾಮಿಕಟ್ಟೆಗೆ ಇಪ್ಪಷ್ಟು. ಕಾರ್ಬನ್ ಕೋಲಿನ ದೊಡ್ಡ ಹೊಗಳಿಕೆ ಎಂತದ್ದು? ಎಂಬತ್ತು ತೊಂಬತ್ತು ಅಡಿ ದೂರ ಎಸೆತ್ತ್ ಅಂಬುದು. ಎಂಬತ್ತು ಅಡಿ ಎಸೆದ್ರೆ ಪುಕ್ಕ ಬೀಳುದು ಕಾಂಡ್ಲದ ಮಂಡೆ ಮೇಲೆ, ಮೀನಿನ ಎದುರಲ್ಲ. ಕಾರ್ಬನ್ ಬಿಗಿ. ಅದು ಸರಿಯಾಗಿ ಬಗ್ಗುಕೆ ದಾರ ತುಂಬ ಹೊರಗೆ ಇರ್ಕ್. ಸಮೀಪಕ್ಕೆ ಎಸೆವತಿಗೆ ಹೊರಗಿಪ್ಪ ದಾರ ಕಮ್ಮಿ, ತೂಕ ಕಮ್ಮಿ, ಬಿಗಿ ಕೋಲು ಬಗ್ಗುದೇ ಇಲ್ಲ, ಮಾಣಿ ತೋಳು ಬಿದ್ದು ಹೋಪ ಹಾಂಗೆ ಬೀಸ್ತ. ಗ್ಲಾಸ್ ಕೋಲು ಮೆತ್ತಗೆ, ಹಿಡಿಯ ಹತ್ರದ ತನಕ ಬಗ್ಗತ್ತ್. ಇಪ್ಪತ್ತು ಅಡಿ ದಾರ ಹೊರಗಿದ್ರೂ ಅದಕ್ಕೆ ತೂಕ ಗೊತ್ತಾತ್ತ್. ಅದ್ರ ಮೇಲೆ ಈ ಮೀನಿಗೆ ಕಟ್ಟುವ ಪುಕ್ಕ ನಮ್ಮ ಬೆರಳುದ್ದ, ನೀರು ಕುಡಿದ್ರೆ ಒದ್ದೆ ನೆಲ ಒರೆಸುವ ಬಟ್ಟೆ. ಒದ್ದೆ ಬಟ್ಟೆಯನ್ನ ಗಡಿಬಿಡಿಯಲ್ಲಿ ಬೀಸಿದ್ರೆ ನಮ್ಮ ಮುಖಕ್ಕೇ ಹೊಡಿತ್ತ್, ನಿಧಾನ ಬೀಸಿದ್ರೆ ತಂತಿ ಮೇಲೆ ಚಂದ ಬೀಳತ್ತ್. ಗ್ಲಾಸ್ ಕೋಲಿನ ನಿಧಾನವನ್ನ ಕಮ್ಮಿ ಅಂತ ಹೇಳುವವ್ರು ಬಟ್ಟೆ ಒಗೆದು ಒಣಗಿಸಿದವ್ರಲ್ಲ.

"ಗಾಜಿನ ಕೋಲಾ? ಬಳೆ ಹಾಂಗೆ ಒಡೆತ್ತಾ?" ಅಂದೇಳಿ ಕೇಂಬವ್ರಿಗೆ ಉತ್ತರ ನಮ್ಮ ಕಡಲ ಬದಿಯಲ್ಲೇ ಇತ್ತ್. ನಾಡದೋಣಿ ಈಗ ಎಂತದ್ರದ್ದು? ಫೈಬರಿಂದು. ಅದೇ ಇದು. ಗಾಜನ್ನ ಕೂದಲಿಗಿಂತ ಸಪೂರ ಎಳೆ ಎಳೆದು, ಅಂಟಿನಲ್ಲಿ ಕೂರಿಸಿದ್ದು. ಮಳೆಗಾಲದ ಅಲೆಗೆ ದಿನಾ ಹೊಡೆಸಿಕೊಂಬ ದೋಣಿ ಬಾಳಿಕೆ ಬಂದ್ರೆ ಒಂದು ಕೋಲು ಬತ್ತಿಲ್ಲವಾ?

ಇದು ಹೊಸ ಮಾಲೂ ಅಲ್ಲ. ಮೊದ್ಲು ಇದ್ದದ್ದು ಬಿದಿರು. ಇಂಗ್ಲಿಷರ ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡಕ್ಕೆ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಅಂಬವ್ರು ಗಾಳ ಹಾಕುದ್ರ ಮೇಲೇ ಒಂದು ಪುಸ್ತಕ ಬರೆದ್ರು, 'ದಿ ರಾಡ್ ಇನ್ ಇಂಡಿಯಾ' ಅಂದೇಳಿ. 1873ರಲ್ಲಿ ಮಂಗ್ಳೂರಿನಲ್ಲೇ ಅಚ್ಚಾದದ್ದು. ಆಗ ಕುಂದಾಪ್ರವೂ ಅದೇ ಜಿಲ್ಲೆ. ಕಲೆಕ್ಟರೇ ಗಾಳ ಹಿಡಿದು ಕೂತದ್ದು ಅಂದ್ಮೇಲೆ ನಮ್ಮ ಮಾಣಿಗಳನ್ನ ಸೋಮಾರಿ ಅಂತ ಬೈಯುವ ಹಿರಿಯರು ಸ್ವಲ್ಪ ತಡೆದು ಬೈಕ್. ಬಿದಿರನ್ನ ಸೀಳಿ, ಆರು ಪಟ್ಟಿ ಅಂಟಿಸಿ ಮಾಡುವ ಕೋಲಿಗೆ ಚೀನಾದ ಟಾಂಕಿನ್ ಬಿದಿರೇ ಬೇಕಿದ್ದಿತ್ತ್. ಗ್ಲಾಸ್ ಕೋಲು ಅಮೆರಿಕದಲ್ಲಿ ಸುರುವಾದ್ದು 1940ರ ದಶಕದಲ್ಲಿ. 1950ರಲ್ಲಿ ಕೊರಿಯಾ ಯುದ್ಧದ ಹೊತ್ತಿಗೆ ಅಮೆರಿಕ ಚೀನಾದ ಮಾಲಿಗೆ ಬಾಗಿಲು ಹಾಕಿತ್, ಬಿದಿರು ಬಪ್ಪುದು ನಿಂತಿತ್, ಗ್ಲಾಸೇ ರಾಜ ಆಯ್ತ್. ಕಾರ್ಬನ್ ಬಂದದ್ದು 1970ರ ದಶಕದಲ್ಲಿ. ಹಗುರ, ಬಿಗಿ, ದೂರ ಎಸೆತ್ತ್. ಅಲ್ಲಿಂದ ಗ್ಲಾಸ್ ಕೋಲು ಅಂದ್ರೆ ಅಜ್ಜನ ಕೋಲು ಅಂತ ಮೂಲೆಗೆ ಹೋಯ್ತ್. ಕಬ್ಬಿಣದ ಕಾವ್ಲಿ ಮೂಲೆಗೆ ಹೋಗಿ ನಾನ್‌ಸ್ಟಿಕ್ ಬಂತಲ್ದಾ, ಹಾಂಗೇ. ಈಗ ಕಾವ್ಲಿಯನ್ನೇ ಮೂರರಷ್ಟು ದುಡ್ಡು ಕೊಟ್ಟು ಆನ್‌ಲೈನಲ್ಲಿ ತರಿಸ್ತ್ರ್. ಗ್ಲಾಸ್ ಕೋಲೂ ವಾಪಸ್ ಬಂದಿತ್ತ್, ಒಳ್ಳೆ ಒಳ್ಳೆ ಕಂಪೆನಿಗಳೇ ಮತ್ತೆ ಮಾಡ್ತಾ ಇದ್ದೊ.

ಈಗ ನಮ್ಮ ಅತ್ತಿಗಿ ಮಗನ ಕೋಲಿನ ಕಥಿ. ಅಂಗಡಿ ಹೆಸ್ರು ಹೇಳುದಿಲ್ಲ. ಒಂಬತ್ತು ಅಡಿ ಕಾರ್ಬನ್, ಕಂತಿನ ಮೇಲೆ. ನಾಲ್ಕನೇ ಸಲ ಹೊಳಿಗೆ ಇಳಿದದ್ದು. ಪುಕ್ಕ ನೀರಲ್ಲಿ ಮುಳುಗಲಿ ಅಂದೇಳಿ ಅದಕ್ಕೆ ಸೀಸದ ಸಣ್ಣ ಕಣ್ಣು ಕಟ್ತ್ರ್. ಬೀಸುವತಿಗೆ ಆ ಕಣ್ಣು ಕೋಲಿಗೆ ಟಪ್ ಅಂದೇಳಿ ತಾಗಿತ್, ಅಷ್ಟೇ. ಕಣ್ಣಿಗೆ ಕಾಣದಷ್ಟು ಸಣ್ಣ ಗಾಯ. ಅದಾಗಿ ಅರ್ಧ ಗಂಟೆಗೆ ಕೆಂಬೇರಿ ಎಳೆದದ್ದೇ, ಕೋಲು ಅದೇ ಗಾಯದಲ್ಲಿ ಎರಡು ತುಂಡು. ಕೋಲು ಹೋಯ್ತ್, ಮೀನೂ ಹೋಯ್ತ್, ಕಂತು ಮಾತ್ರ ಇನ್ನೂ ಏಳು ಬಾಕಿ ಇತ್ತ್. ಅಂಗಡಿಗೆ ಫೋನ್ ಮಾಡಿದ್ರೆ ಗ್ಯಾರಂಟಿ ಇತ್ತ್ ಮೇಡಂ, ತುಂಡನ್ನ ಹೊರದೇಶಕ್ಕೆ ನಿಮ್ಮ ಖರ್ಚಲ್ಲಿ ಕಳ್ಸಿ ಅಂದ್ರಂಬ್ರು. ಕಾರ್ಬನ್ನಿನ ಗುಣವೇ ಹಾಂಗೆ. ಬಿಗಿ ಇಪ್ಪುದ್ರಿಂದಲೇ ಗಾಯ ತಡ್ಕಂತಿಲ್ಲ. ಗ್ಲಾಸ್ ಕೋಲಿನ ಗೋಡೆ ದಪ್ಪ, ಬಗ್ಗುವ ಜಾತಿ, ಇಂಥ ಸಣ್ಣ ಪೆಟ್ಟನ್ನ ಹೆಚ್ಚು ತಡ್ಕಂತ್ತ್. ಕಾರಿನ ಬಾಗಿಲಿಗೆ ಸಿಕ್ಕಿಸಿದ್ರೆ ಅದೂ ಹೋತ್ತ್, ಸುಳ್ಳು ಹೇಳುಕಾಗ. ಆದ್ರೆ ದೋಣಿಯ ಅಂಚು, ಮಕ್ಕಳ ಕೈ, ಬಸ್ಸಿನ ಡಿಕ್ಕಿ, ಇವಕ್ಕೆಲ್ಲ ಗ್ಲಾಸ್ ಹೊಂದ್ಕಂತ್ತ್.

ಮೀನು ಎಳೆವ ವಿಷ್ಯದಲ್ಲಿ ಒಂದು ವಾದ ಮಾಡ್ತ್ರ್: ಕೆಂಬೇರಿ ಗಾಳ ನುಂಗಿದ ಕೂಡ್ಲೆ ಬೇರಿನ ಒಳಗೆ ನುಗ್ಗತ್ತ್, ಮೆತ್ತನೆ ಕೋಲಿನಲ್ಲಿ ತಡೆಯುಕೆ ಆತಿಲ್ಲ, ಬಿಗಿ ಕೋಲೇ ಬೇಕ್ ಅಂದೇಳಿ. ಕೇಂಬುಕೆ ಸರಿ ಕಾಣತ್ತ್. ಆದ್ರೆ ಉದ್ದ ಹಿಡಿಯ ಸೌಟಿನಲ್ಲಿ ಗಂಜಿ ತುಂಬಿ ಹಿಡಿಯ ಕೊನೆಯಲ್ಲಿ ಹಿಡಿದು ಎತ್ತಿ ಕಾಣಿ, ಮಣಿಕಟ್ಟು ಏನಾತ್ತ್ ಅಂತ. ಹಿಡಿಯ ಮಧ್ಯ ಹಿಡಿದ್ರೆ ಅದೇ ಗಂಜಿ ಹಗುರ. ಬಿಗಿ ಕೋಲು ಒಂಬತ್ತು ಅಡಿಯೂ ನೆಟ್ಟಗೆ ನಿಂತು ಮೀನಿಗೆ ಉದ್ದ ಸನ್ನೆಕೋಲು ಕೊಡತ್ತ್, ಭಾರ ಬೀಳುದು ನಮ್ಮ ಮಾಣಿಯ ಕೈಗೆ. ಗ್ಲಾಸ್ ಕೋಲು ಕೆಳಗಿನ ತನಕ ಬಗ್ಗಿ ತಾನೇ ಗಿಡ್ಡ ಆತ್ತ್. ತುದಿ ಮೆತ್ತಗೆ, ಬುಡ ಗಟ್ಟಿ. ಕೋಲನ್ನ ಆಕಾಶಕ್ಕೆ ಎತ್ತದೆ ಕೆಳಗೆ ಬದಿಗೆ ಹಿಡಿದು ಎಳೆದ್ರೆ ಬುಡದ ಬಲ ಮೀನಿಗೆ ತಾಗತ್ತ್. ಮೀನು ತಟ್ಟನೆ ಜಗ್ಗಿದ್ರೆ ಆ ಪೆಟ್ಟನ್ನ ಕೋಲು ನುಂಗತ್ತ್, ದಾರದ ತುದಿಯ ಸಪೂರ ನೈಲಾನ್ ಉಳಿತ್ತ್. ಅಂದ್ಹಾಂಗೆ ಸೀಬಾಸಿನ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಂಗೆ, ಸ್ವಚ್ಛ ಮಾಡಿದವ್ರಿಗೆ ಗೊತ್ತಿತ್ತ್. ಕೆಂಬೇರಿಗೆ ಕೋರೆಹಲ್ಲು. ಗಾಳದ ಹತ್ರ ಒಂದೆರಡು ಅಡಿ ದಪ್ಪ ನೈಲಾನ್, ನಲವತ್ತು ಪೌಂಡಿಂದು, ಕಟ್ಟದಿದ್ರೆ ಯಾವ ಕೋಲಿದ್ರೂ ಪ್ರಯೋಜನ ಇಲ್ಲ.

ಇದೆಲ್ಲ ದುಡ್ಡಿನ, ಮೀನಿನ ಮಾತಾಯ್ತ್. ನನ್ನ ಹೊಟ್ಟೆಯಲ್ಲಿ ಬೆಂಕಿ ಇಪ್ಪುದು ಬೇರೆಯೇ ವಿಷ್ಯಕ್ಕೆ.

ಕಾರ್ಬನ್ನಿನಲ್ಲಿ ಕರೆಂಟ್ ಹರಿತ್ತ್. ಇದನ್ನ ಅಂಗಡಿಯವ್ನು ಹೇಳಿದ್ನಾ? ಹೇಳುದಿಲ್ಲ. ಎಷ್ಟೋ ಕಂಪೆನಿಯವ್ರು ಕೋಲಿನ ಬುಡದಲ್ಲಿ ಇರುವೆ ಕಾಲಿನಂಥ ಅಕ್ಷರದಲ್ಲಿ ಕರೆಂಟ್ ತಂತಿಯಿಂದ ದೂರ ಇಪ್ಪುಕೆ ಬರೆದು ಅಂಟಿಸಿರ್ತ್ರ್, ಅದನ್ನ ಯಾರು ಓದ್ತ್ರ್? ನಮ್ಮಲ್ಲಿ ಅಲ್ಯೂಮಿನಿಯಂ ದೋಟಿ ಹಿಡ್ಕಂಡ್ ತೆಂಗು, ಹಲಸು, ಅಡಿಕೆ ಕೊಯ್ಯುವತಿಗೆ ತಂತಿಗೆ ತಾಗಿ ಜೀವ ಹೋದ ಸುದ್ದಿಯನ್ನ ನಾವು ಪೇಪರಲ್ಲಿ ಎಷ್ಟು ಸಲ ಓದಿಲ್ಲ? ಓದಿ, ಒಂದು ಉಸಿರು ಬಿಟ್ಟು, ಮಡಿಸಿ ಇಟ್ಟಿಲ್ವಾ? ಈಗ ಅಡಿಕೆಗೆ ಕಾರ್ಬನ್ ಫೈಬರ್ ದೋಟಿ ಬಂದಿತ್ತ್, ಅರವತ್ತು ಎಂಬತ್ತು ಅಡಿಯದ್ದು. ಹಗುರ ಅಂತ ಎಲ್ಲರಿಗೂ ಖುಷಿ. ಅದೂ ತಂತಿಗೆ ತಾಗುಕಾಗ ಅಂಬುದನ್ನ ಕಲಿಸುವವ್ರು ಮೊದ್ಲು ಹೇಳ್ತ್ರ್. ಅಷ್ಟಾದ್ರೂ ಇತ್ತ್. ಗಾಳದ ಕೋಲಿಗೆ ಅದನ್ನ ಹೇಳುವವ್ರೇ ಇಲ್ಲ.

ಒಂಬತ್ತು ಅಡಿ ಕೋಲು, ಎತ್ತಿ ಹಿಡಿದ ಕೈ ಆರೇಳು ಅಡಿ. ಹದಿನೈದು ಅಡಿ ದಾಟಿತ್. ಹೊಳಿಗೆ ಹೋಪ ಓಣಿಯಲ್ಲಿ ತೆಂಗಿನ ಗರಿ ಬಿದ್ದು ಜೋತ ತಂತಿ ಎಷ್ಟು ಎತ್ರ ಇತ್ತ್ ಅಂತ ಒಂದ್ಸಲ ಕತ್ತೆತ್ತಿ ಕಾಣಿ. ಕೆಲವು ಕಡೆ ತಂತಿ ಹೊಳಿಯನ್ನೇ ದಾಟಿ ಹೋತ್ತ್, ಭರತದ ಹೊತ್ತಿಗೆ ದೋಣಿ ಇನ್ನೂ ಮೇಲೆ ಏಳತ್ತ್. ಮಾಣಿಯ ಕಣ್ಣು ಮೀನಿನ ಮೇಲೆ, ಬೀಸುದು ತಲೆಯ ಹಿಂದೆ ಮೇಲಕ್ಕೆ. ಮೈ ಒದ್ದೆ, ಕಾಲು ನೀರಲ್ಲಿ. ಇನ್ನು ಹೇಳುದು ಬ್ಯಾಡ.

ಫೈಬರ್ ಗ್ಲಾಸಿನಲ್ಲಿ ಕರೆಂಟ್ ಹರಿತಿಲ್ಲ. ಲೈನ್‌ಮನ್ ಕೆಳಗೆ ನಿಂತು ಮೇಲಿನ ಸ್ವಿಚ್ ಎಳೆವ ಉದ್ದ ಕೋಲು ಫೈಬರ್ ಗ್ಲಾಸಿಂದೇ. ಹಾಂಗಂದೇಳಿ ಗ್ಲಾಸ್ ಕೋಲು ಇತ್ತ್ ಅಂತ ತಂತಿ ಕೆಳಗೆ ಬೀಸುಕಾಗ. ಲೈನ್‌ಮನ್ ಕೋಲು ಒಣಗಿ ಸ್ವಚ್ಛ ಇರತ್ತ್, ನಮ್ಮದು ಉಪ್ಪುನೀರು ಮೆತ್ತಿದ್ದು, ದಾರವೂ ಒದ್ದೆ. ಗುಡುಗು ಕೇಂಡ್ರೆ ಯಾವ ಕೋಲೂ ಬ್ಯಾಡ, ಮನಿಗೆ ಬನಿ. ಆದ್ರೆ ಎರಡು ಕೋಲು ಎದುರಿಗಿಟ್ಟು, ಒಂದ್ರಲ್ಲಿ ಕರೆಂಟ್ ಹರಿತ್ತ್, ಒಂದ್ರಲ್ಲಿ ಇಲ್ಲ ಅಂದ್ರೆ, ಹೆತ್ತವ್ಳು ಯಾವುದಕ್ಕೆ ದುಡ್ಡು ಕ���ಡ್ಕ್? ಇದಕ್ಕೆ ಬೆಂಗ್ಳೂರಿನ ಅಂಗಡಿಯವ್ನ ಅಭಿಪ್ರಾಯ ನಂಗೆ ಬ್ಯಾಡ.

ಕಾರ್ಬನ್ನಿಗೆ ಜಾಗವೇ ಇಲ್ಲ ಅಂತ ನಾನು ಹೇಳುದಿಲ್ಲ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಸೌಪರ್ಣಿಕಾ, ಒಂದು ಬದಿ ಸಮುದ್ರ. ಸಮುದ್ರದ ಬದಿ ನಿಂತು ಪಡು ಗಾಳಿಗೆ ಎದುರಾಗಿ ದೂರ ಎಸೆಯುಕೆ ಕಾರ್ಬನ್ನೇ ಬೇಕ್, ಗ್ಲಾಸಿನ ದಾರ ಗಾಳಿಗೆ ಮುದುಡಿ ವಾಪಸ್ ಬತ್ತ್. ದಿನವಿಡೀ ನಿಲ್ಲದೆ ಬೀಸುವವ್ನ ಭುಜಕ್ಕೆ ಕಾರ್ಬನ್ ಹಗುರ, ಅದೂ ಹೌದು. ಆದ್ರೆ ನಮ್ಮ ಮಾಣಿಗಳು ನಿಲ್ಲುದು ರಸ್ತೆಯ ಈಚೆ ಬದಿ. ನಿಲ್ಲುದು ಎರಡು ಗಂಟೆ, ಅದ್ರಲ್ಲಿ ಒಂದು ಗಂಟೆ ಮೊಬೈಲಿನಲ್ಲಿ ಫೋಟೋ.

ತಕಂಬ ವಿಷ್ಯಕ್ಕೆ ಬಪ್ಪ. ಕೋಲಿಗೂ ದಾರಕ್ಕೂ ನಂಬ್ರ ಇರತ್ತ್, ಎರಡೂ ಒಂದೇ ಇರ್ಕ್. ನಮ್ಮ ಹೊಳಿಗೆ ಎಂಟು. ಎಂಟು ನಂಬ್ರ ಅಂದ್ರೆ ದಾರದ ಮೊದಲ 30 ಅಡಿ ಸುಮಾರು 13.6 ಗ್ರಾಂ ತೂಗ್ಕ್, ನಮ್ಮ ಲೆಕ್ಕದಲ್ಲಿ ಒಂದೂಮುಕ್ಕಾಲು ಪವನಿಗೆ ಒಂಚೂರು ಕಮ್ಮಿ. ಆರು ನಂಬ್ರ ಸಣ್ಣ ಮೀನಿಗೆ ಸಾಕ್, ದೊಡ್ಡ ಪುಕ್ಕ ಎಳೆಯುಕೆ ಆತಿಲ್ಲ. ಹತ್ತು ನಂಬ್ರ ಗ್ಲಾಸಿನಲ್ಲಿ ಭಾರ ಆತ್ತ್, ಅಳಿವೆ ಬಾಯಲ್ಲಿ ನಿಂತು ದೊಡ್ಡದನ್ನೇ ಹಿಡಿತೆ ಅಂಬವ್ನಿಗೆ ಮಾತ್ರ. ಉದ್ದ ಎಂಟು ಅಡಿ, ಎಂಟೂವರೆ ದಾಟುದು ಬ್ಯಾಡ. ಗ್ಲಾಸ್ ಉದ್ದ ಆದಷ್ಟೂ ತುದಿ ತೊನೆದಾಡತ್ತ್, ಮತ್ತೆ ಕಾಂಡ್ಲದ ಗೆಲ್ಲಿನ ಕೆಳಗೆ ಗಿಡ್ಡ ಕೋಲೇ ಸಲೀಸು.

ಗ್ಲಾಸಿನಲ್ಲೂ ಎರಡು ಜಾತಿ ಇತ್ತ್. ಇ-ಗ್ಲಾಸ್ ಹಳೇ ಕಾಲದ್ದು, ಕಮ್ಮಿ ಕ್ರಯ, ಭಾರ ಜಾಸ್ತಿ. ಎಸ್-ಗ್ಲಾಸ್ ಅದಕ್ಕಿಂತ ಗಟ್ಟಿ, ಹಗುರ. ಎಂಟು ನಂಬ್ರಕ್ಕೆ ಎಸ್-ಗ್ಲಾಸೇ ಕೇಣಿ. ಹೊರದೇಶದ ದೊಡ್ಡ ಹೆಸರಿನ ಕಾರ್ಬನ್ ಕೋಲು ಈಗ ಸಾವಿರ ಡಾಲರ್ ದಾಟಿತ್ತ್, ಒಳ್ಳೆ ಗ್ಲಾಸ್ ಕೋಲು ಅದ್ರ ಕಾಲು ಭಾಗಕ್ಕೂ ಸಿಕ್ಕತ್ತ್. ಎಕೋ ಅಂಬ ಅಮೆರಿಕದ ಕಂಪೆನಿ ದೊಡ್ಡ ಮೀನಿಗಂದೇಳಿಯೇ ಒಂದು ಗ್ಲಾಸ್ ಕೋಲು ಮಾಡಿತ್ತ್, ಅದಕ್ಕೆ ಇಟ್ಟ ಹೆಸರು ಮಾತ್ರ ಮನಿಯಲ್ಲಿ ಹಿರಿಯರ ಎದುರು ಹೇಳುವಂಥದ್ದಲ್ಲ. ಪೇಟೆಯ ಅಂಗಡಿಯಲ್ಲಿ ಎಂಟುನೂರು ರೂಪಾಯಿಗೆ ಸಿಕ್ಕುವ ಗ್ಲಾಸ್ ಕೋಲು ಕಂಡು ಮೋಸ ಹೋಗ್ಬೇಡಿ, ಅದು ಸೀಸ ಕಟ್ಟಿ ಎಸೆವ ಕೋಲು. ಫ್ಲೈ ಕೋಲಿನಲ್ಲಿ ರೀಲು ಕೈಯ ಕೆಳಗೆ, ಬುಡದ ತುದಿಯಲ್ಲಿ ಕೂರತ್ತ್. ಅದನ್ನ ಕಂಡ್ರೆ ಗೊತ್ತಾತ್ತ್. ರೀಲಿನ ಆಚೆ ಒಂದು ಸಣ್ಣ ಗುಬುಟು ಇಪ್ಪುದನ್ನೇ ತಕಣಿ, ಮೀನು ಎಳೆವತಿಗೆ ಹೊಟ್ಟೆಗೆ ಒತ್ತಿ ಹಿಡಿಯುಕೆ.

ದಾರಕ್ಕೆ ದುಡ್ಡು ಉಳಿಸುಕಾಗ. ಇಲ್ಲೊಂದು ಗುಟ್ಟು ಇತ್ತ್, ಹೆಂಗ್ಸ್ರಿಗೆ ಬೇಗ ಗೊತ್ತಾಪ್ಪಂಥದ್ದು. ತೆಂಗಿನೆಣ್ಣೆ ಡೆಲ್ಲಿಯ ಚಳಿಯಲ್ಲಿ ಕಲ್ಲು, ನಮ್ಮಲ್ಲಿ ನೀರು. ದಾರದ ಮೇಲಿನ ಪ್ಲಾಸ್ಟಿಕ್ ಲೇಪವೂ ಹಾಂಗೇ. ತಣ್ಣೀರಿನ ದೇಶಕ್ಕೆ ಮಾಡಿದ ದಾರ ನಮ್ಮ ಏಪ್ರಿಲ್ ಸೆಕಿಗೆ ಮೆತ್ತಗಾಗಿ ಅಂಟತ್ತ್, ಕೋಲಿನ ಬಳೆಗಳಲ್ಲಿ ಓಡುದೇ ಇಲ್ಲ. ಮಾಣಿ ಕೋಲಿಗೆ ಬೈತ, ಕೋಲಿನ ತಪ್ಪಲ್ಲ. ಟ್ರಾಪಿಕಲ್ ಅಂತ ಬರೆದ ದಾರ ತಕಣ್ಕ್.

ನಾನೇ ಬೀಸಿ ಕಂಡಿದ್ದೆ. ಮಗನ ಗ್ಲಾಸ್ ಕೋಲಿನ ತುದಿಗೆ ಗಾಳದ ಬದ್ಲು ಕೆಂಪು ಉಲ್ಲನ್ ಚೂರು ಕಟ್ಟಿ, ಕೊಯ್ಲಾದ ಗದ್ದೆಯಲ್ಲಿ. ಹಿಂದೆ ಬೀಸಿ, ದಾರ ಬಿಚ್ಚಿಕೊಂಬ ತನಕ ಒಂದು ಉಸಿರು ತಡೆದ್ರೆ, ಕೋಲಿನ ತುದಿ ಅಂಗೈಯನ್ನ ಹಿಂದೆ ಎಳೆದ ಹಾಂಗೆ ಗೊತ್ತಾತ್ತ್. ಆಗ ಮುಂದೆ ತಳ್ಳಿದ್ರೆ ಸಾಕ್. ಹತ್ತನೇ ಸಲಕ್ಕೆ ಉಲ್ಲನ್ ಚೂರು ಬೈಹುಲ್ಲು ಕುತ್ರಿ ಬುಡಕ್ಕೆ ಹೋಗಿ ಬಿತ್ತ್. ಅದೇ ದಿನ ನೆಂಟ್ರ ಮಾಣಿಯ ಕಾರ್ಬನ್ ಕೋಲಿನಲ್ಲೂ ಬೀಸಿದೆ, ಬೀದಿಯಲ್ಲಿ ನಾಯಿ ಓಡಿಸಿದ ಹಾಂಗೆ ಆಯ್ತ್, ಅಂಗೈಗೆ ಏನೂ ಗೊತ್ತಾಯ್ಲಿಲ್ಲ. ಅವ್ನು "ದೊಡ್ಡಮ್ಮ, ನೀವು ಇನ್ನೂ ಜೋರು ಬೀಸ್ಕ್" ಅಂದ. ಐವತ್ತು ದಾಟಿದ ಭುಜ ಎಂತಕ್ಕೆ ಜೋರು ಬೀಸ್ಕ್, ಕೋಲೇ ಆ ಕೆಲ್ಸ ಮಾಡುವತಿಗೆ? ಪಕ್ಕದ ಮನಿ ಅಕ್ಕ ಬೇಲಿ ಮೇಲಿಂದ ಕಂಡು, ನಂಗೂ ಒಂದ್ಸಲ ಕೊಡ್ ಅಂದ್ರು. ಅವ್ರು ನನ್ನಕಿಂತ ದೂರ ಎಸೆದ್ರು, ಅದನ್ನ ಇಲ್ಲಿ ಬರೆಯದಿದ್ರೆ ನಾಳೆ ಮಾತಾಡುದಿಲ್ಲ.

ಮನಿಗೆ ಬಂದ ಮೇಲೆ ಕೋಲನ್ನ, ರೀಲನ್ನ ಸಿಹಿನೀರಿನಲ್ಲಿ ತೊಳಿಕ್. ಗ್ಲಾಸಿಗೆ ಉಪ್ಪಿಂದ ಏನೂ ಆತಿಲ್ಲ, ಹಾಳಾಪ್ಪುದು ಬಳೆಗಳು, ರೀಲು ಕೂರುವ ಲೋಹ. ತುಂಡುಗಳನ್ನ ಬಿಚ್ಚಿ, ಒಣಗಿಸಿಯೇ ಚೀಲಕ್ಕೆ ಹಾಕ್ಕ್. ಒದ್ದೆ ಚೀಲದಲ್ಲಿಟ್ರೆ ಮಳೆಗಾಲದಲ್ಲಿ ಹಿಡಿಗೆ ಬೂಸ್ಟು ಬತ್ತ್. ಬಾಗಿಲ ಸಂದಿಯಲ್ಲಿ ನಿಲ್ಲಿಸುಕಾಗ.

ಅತ್ತಿಗಿ ಮಗ ಮತ್ತೆ ಕೋಲು ತಕಂಬುಕೆ ಹೊರಟಿದ್ದ. ಈ ಸಲ ಅಂಗಡಿಗೆ ಫೋನ್ ಮಾಡುದು ಅತ್ತಿಗಿ. ಕ್ಯಾಲೆಂಡರಿನ ಹಿಂದೆ ಬರೆದು ಕೊಟ್ಟಿದ್ದೆ: ಎಸ್-ಗ್ಲಾಸಾ? ಎಂಟು ನಂಬ್ರವಾ? ಎಂಟು ಅಡಿಯಾ? ತುದಿ ತುಂಡು ಮುರಿದ್ರೆ ಅದೊಂದೇ ಇಲ್ಲಿ ಸಿಕ್ಕತ್ತಾ, ಎಷ್ಟು ದಿನಕ್ಕೆ? ಕಾರ್ಬನ್ ತಕಣಿ ಮೇಡಂ ಅಂದ್ರೆ, ಅದ್ರಲ್ಲಿ ಕರೆಂಟ್ ಹರಿತ್ತಾ ಇಲ್ವಾ ಅಂತ ಮಾತ್ರ ಕೇಣಿ, ಉತ್ತರ ಬಪ್ಪ ತನಕ ಫೋನ್ ಇಡ್ಬೇಡಿ ಅಂತ ಹೇಳಿದ್ದೆ.